ಮೆಳ್ಳೆಗಣ್ಣಿನ ಮೀಟರು

ಮನೆಯೊಳಗಿನ ಗಿಡ ಸೊರಗಿತೆಂದರೆ ಮೊದಲು ಅದರ ಮೇಲೆ ನೀರು ಬೀಳುತ್ತದೆ. ಆಮೇಲೆ ಗೊಬ್ಬರ. ಅದಕ್ಕೂ ಜಗ್ಗದಿದ್ದರೆ ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಹುಳಿ ಮಜ್ಜಿಗೆ, ಕಾಫಿ ಚರಟ. ವಾರ್ಡಿನಲ್ಲಿ ಮಲಗಿದ ರೋಗಿಗೆ ನೆಂಟರೆಲ್ಲ ಸರದಿಯಲ್ಲಿ ಬಂದು ಎಳನೀರು ಕುಡಿಸಿದ ಹಾಗೆ. ಪಾಪ, ಗಿಡಕ್ಕೆ ಬೇಕಾಗಿದ್ದದ್ದು ಬೆಳಕು. "ಬೆಳಕಿಗೇನು ಕಮ್ಮಿ? ಹಗಲು ಹೊತ್ತು ನಮ್ಮನೇಲಿ ಲೈಟೇ ಹಾಕಲ್ಲ" ಎನ್ನುವುದು ಎಲ್ಲ ಮನೆಗಳ ಉತ್ತರ. ಬೆಳಕನ್ನು ಅಳೆಯೋಕೆ ಒಂದು ಮೀಟರು ತರೋಣ ಅಂದರೆ ಅಜ್ಜಿಯಂದಿರ ಪ್ರಶ್ನೆ ಸಿದ್ಧವಾಗಿರುತ್ತದೆ: "ಯಾಕೋ, ದೇವರು ಎರಡು ಕಣ್ಣು ಕೊಟ್ಟಿಲ್ವೇನೋ?"

ಕೊಟ್ಟಿದ್ದಾನೆ, ಎಡವಟ್ಟಾಗುವುದೂ ಅಲ್ಲೇ. ಮೋಡವಿಲ್ಲದ ಮಧ್ಯಾಹ್ನ ತಾರಸಿಯ ಮೇಲೆ ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ. ಕಿಟಕಿಯ ಕಟ್ಟೆಯ ಮೇಲೆ ನೇರ ಬಿಸಿಲು ಬೀಳದಿದ್ದರೆ ಕೆಲವು ಸಾವಿರ. ಹಾಲ್‌ನ ಒಳಗೆ, ಸೋಫಾದ ಪಕ್ಕದಲ್ಲಿ ಇನ್ನೂರಿದ್ದರೆ ಹೆಚ್ಚು. ಅಂದರೆ ಐನೂರು ಪಟ್ಟು ಇಳಿಕೆ. ಆದರೆ ಕಣ್ಣು ಪಾಪೆಯನ್ನು ಅಗಲ ಮಾಡಿಕೊಂಡು, ಉಳಿದದ್ದನ್ನು ಒಳಗೊಳಗೇ ಹೊಂದಿಸಿಕೊಂಡು "ಸ್ವಲ್ಪ ಮಬ್ಬು, ಅಷ್ಟೇ" ಎಂದು ವರದಿ ಒಪ್ಪಿಸುತ್ತದೆ. ಇನ್ನೂರು ಲಕ್ಸಿನಲ್ಲಿ ಪೇಪರ್ ಓದಬಹುದು. ಗಿಡಕ್ಕೆ ಅದು ಬರಗಾಲ.

ಇನ್ನೊಂದು ತೊಡಕೂ ಇದೆ. ಲಕ್ಸ್ ಎನ್ನುವ ಅಳತೆ ಹುಟ್ಟಿದ್ದೇ ಮನುಷ್ಯರ ಕಣ್ಣಿಗಾಗಿ. ನಮ್ಮ ಕಣ್ಣಿಗೆ 555 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತಲಿನ ಹಸಿರು-ಹಳದಿ ಅಂದರೆ ಪ್ರಾಣ. ಕಡುಕೆಂಪು, ಕಡುನೀಲಿಯನ್ನು ಅದು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಗಿಡದ ಲೆಕ್ಕ ಬೇರೆ: 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬಿದ್ದವು ಎಂಬ ಎಣಿಕೆ. ಅದರ ಮಾನ ಮೈಕ್ರೋಮೋಲ್. ಅದನ್ನು ಸರಿಯಾಗಿ ಎಣಿಸುವ ಕ್ವಾಂಟಮ್ ಮೀಟರಿಗೆ ಹತ್ತಾರು ಸಾವಿರ ರೂಪಾಯಿ. ಮನೆಯಲ್ಲಿರುವ ಎಲ್ಲ ಕುಂಡ, ಮಣ್ಣು, ಗಿಡ, ಸ್ಟ್ಯಾಂಡುಗಳ ಬೆಲೆ ಕೂಡಿಸಿ, ಪಕ್ಕದ ಸೋಫಾವನ್ನೂ ಸೇರಿಸಿದರೆ ಆ ಹತ್ತಿರಕ್ಕೆ ಬಂದೀತು.

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂಬ ಗಾದೆ ಅಗ್ಗದ ಲಕ್ಸ್ ಮೀಟರಿಗೆಂದೇ ಹುಟ್ಟಿದ ಹಾಗಿದೆ. ಅದು ನೋಡುವುದು ಓರೆಯಾಗಿಯೇ. ಎಷ್ಟು ಓರೆ ಎಂದು ಗೊತ್ತಿದ್ದರೆ ಸರಿಪಡಿಸಿಕೊಳ್ಳಬಹುದು. ಬಿಸಿಲಿನ ಬೆಳಕಾದರೆ ಲಕ್ಸನ್ನು 54ರಿಂದ ಭಾಗಿಸಿ. ಬಿಳಿ ಎಲ್‌ಇಡಿಯಾದರೆ ಸುಮಾರು 67ರಿಂದ. ಬರುವುದೇ ಮೈಕ್ರೋಮೋಲ್. ಹತ್ತು ಸಾವಿರ ಲಕ್ಸ್ ಬಿಸಿಲು ಅಂದರೆ 185, ಅಷ್ಟೇ ಲಕ್ಸ್ ಎಲ್‌ಇಡಿ ಅಂದರೆ ಹತ್ತಿರಹತ್ತಿರ 150. ನೂರಕ್ಕೆ ಹತ್ತು ಹದಿನೈದು ಆಚೀಚೆಯಾದರೂ ಗಿಡ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಭಾಗಾಕಾರ ಕೈಕೊಡುವುದು ಗಿಡಗಳಿಗೆಂದೇ ಮಾರುವ ನೇರಳೆ ಬಣ್ಣದ ಗ್ರೋ ಲೈಟಿನ ಮುಂದೆ. ಅದರಲ್ಲಿರುವುದೆಲ್ಲ ಕೆಂಪು ಮತ್ತು ನೀಲಿ, ಅಂದರೆ ಲಕ್ಸ್ ಮೀಟರಿನ ಕಣ್ಣಿಗೆ ಅಷ್ಟಾಗಿ ಬೀಳದ ಬಣ್ಣಗಳು. ಮೀಟರು ಕಮ್ಮಿ ತೋರಿಸುತ್ತದೆ, ಕಮ್ಮಿ ಎಂದುಕೊಂಡು ಲೈಟನ್ನು ಗಿಡದ ಹತ್ತಿರಕ್ಕೆ ಇಳಿಸುತ್ತಾ ಹೋದರೆ ಎಲೆ ಬಿಳಿಚಿಕೊಳ್ಳುತ್ತದೆ. ಬಿಳಿ ಲೈಟನ್ನೇ ಕೊಂಡರೆ ಈ ರಗಳೆಯೂ ಇಲ್ಲ, ರಾತ್ರಿ ಎದುರು ಮನೆಯವರು ಇದೇನು ಡಿಸ್ಕೋ ಎಂದು ಕೇಳುವುದೂ ಇಲ್ಲ.

ಕೊಳ್ಳಲು ಹೊರಟರೆ ಮೊದಲು ಕೈಗೆ ಸಿಗುವುದು ತ್ರೀ ಇನ್ ಒನ್. ಹಸಿರು ಮುಖ, ಎರಡು ಉದ್ದ ಕಡ್ಡಿ, ಮುನ್ನೂರು ನಾನೂರು ರೂಪಾಯಿ. ತೇವ, ಹುಳಿ, ಬೆಳಕು ಮೂರನ್ನೂ ಹೇಳುತ್ತದೆ, ಬ್ಯಾಟರಿಯೂ ಬೇಡ. ಇಷ್ಟು ಕಮ್ಮಿಗೆ ಇಷ್ಟೆಲ್ಲ ಮಾಡುವವರ ಬಗ್ಗೆ ಅನುಮಾನ ಪಡುವುದು ಒಳ್ಳೆಯದು. ಬೆಳಕಿಗೆ ಅದರ ಮುಖದ ಮೇಲೊಂದು ಪುಟ್ಟ ಕಿಂಡಿ ಇದೆ, ಒಳಗೊಂದು ಚಿಕ್ಕ ಸೋಲಾರ್ ಸೆಲ್. ಬಹುತೇಕರು ಕಡ್ಡಿಯನ್ನು ಮಣ್ಣಿಗೆ ಚುಚ್ಚಿ, ಓದಲು ಅನುಕೂಲವಾಗಲಿ ಎಂದು ಮುಖವನ್ನು ತಮ್ಮ ಕಡೆಗೆ ತಿರುಗಿಸುತ್ತಾರೆ. ಆಗ ಅದು ಅಳೆಯುವುದು ಕಿಟಕಿಯಿಂದ ಬಂದ ಬೆಳಕನ್ನಲ್ಲ, ಅವರ ಅಂಗಿಯಿಂದ ವಾಪಸಾದ ಬೆಳಕನ್ನು. ಬಿಳಿ ಅಂಗಿ ತೊಟ್ಟ ದಿನ ಗಿಡಕ್ಕೆ ಸುಭಿಕ್ಷ. ಸ್ವಿಚ್ಚು ತೇವದ ಕಡೆಗೇ ಉಳಿದುಬಿಟ್ಟಿದ್ದರೆ ಇನ್ನೂ ಚೆಂದ: ನೀರು ಹಾಕಿದಷ್ಟೂ ಬೆಳಕು ಹೆಚ್ಚುತ್ತದೆ. ಹಲವದರಲ್ಲಿ ಮಾಪಕ ಎರಡು ಸಾವಿರಕ್ಕೇ ಮುಗಿಯುತ್ತದೆ, ಕಿಟಕಿಯ ಹತ್ತಿರ ಒಯ್ದರೆ ಮುಳ್ಳು ಬಲಗಡೆಯ ಗೋಡೆಗೆ ಒರಗಿ ನಿಲ್ಲುತ್ತದೆ. ಇದನ್ನು ಬಿಡಿ.

ಜೇಬಿನಲ್ಲಿರುವ ಫೋನು ಇದಕ್ಕಿಂತ ಎಷ್ಟೋ ಮೇಲು. ಆಂಡ್ರಾಯ್ಡ್‌ನಲ್ಲಿ ಪರದೆಯ ಮೇಲ್ತುದಿಯಲ್ಲಿ, ಸೆಲ್ಫಿ ಕ್ಯಾಮೆರಾದ ಆಸುಪಾಸಿನಲ್ಲಿ ಬೆಳಕಿನ ಸೆನ್ಸರ್ ಇರುತ್ತದೆ. ಪುಕ್ಕಟೆ ಆ್ಯಪ್‌ಗಳು ಅದರ ಅಂಕಿಯನ್ನು ಹಾಗೇ ತೋರಿಸುತ್ತವೆ. ಎಲ್ಲಿದೆ ಎಂದು ತಿಳಿಯಬೇಕಾದರೆ ಬೆರಳಾಡಿಸಿ. ಅಂಕಿ ಸೊನ್ನೆಯತ್ತ ಬಿದ್ದ ಕಡೆ ಅದು ಅಡಗಿದೆ. ಕೆಲವು ಫೋನುಗಳಲ್ಲಿ ಅದು ಪರದೆಯ ಅಡಿಯಲ್ಲೇ ಕೂತಿರುತ್ತದೆ, ಆಗ ಪರದೆಯ ಸ್ವಂತ ಬೆಳಕೂ ಲೆಕ್ಕದಲ್ಲಿ ನುಸುಳಬಹುದು, ಬ್ರೈಟ್‌ನೆಸ್ ತಗ್ಗಿಸಿ ನೋಡಿ. ಐಫೋನು ತನ್ನ ಸೆನ್ಸರನ್ನು ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಅಲ್ಲಿ ಕ್ಯಾಮೆರಾದಿಂದಲೇ ಅಳತೆ. ಕ್ಯಾಮೆರಾ ತನ್ನ ಎದುರಿಗೆ ಕಂಡದ್ದನ್ನಷ್ಟೇ ನೋಡುವುದರಿಂದ ಲೆನ್ಸಿನ ಮೇಲೆ ಬಿಳಿ ಕಾಗದದ ತುಂಡೊಂದನ್ನು ಅಂಟಿಸಬೇಕು. ನಾಲ್ಕೂ ಕಡೆಯ ಬೆಳಕು ಕಾಗದದಲ್ಲಿ ಬೆರೆತು ಒಳಗೆ ಹೋಗುತ್ತದೆ. ಸ್ಕ್ರೀನ್ ಗಾರ್ಡು ಸೀಳಿ ಹಳದಿಯಾಗಿದ್ದರೆ ಸೆನ್ಸರಿಗೂ ಪೊರೆ ಬಂದಿದೆ ಎಂದೇ ತಿಳಿಯಿರಿ. ಇಷ್ಟೆಲ್ಲ ಸರಿ ಮಾಡಿಕೊಂಡು ಫೋನನ್ನು ಎಲೆಯ ಮಟ್ಟದಲ್ಲಿ ಅಂಗಾತ ಇಟ್ಟು, ಅಂಕಿ ಎಷ್ಟಪ್ಪಾ ಎಂದು ಮೇಲಿಂದ ಬಗ್ಗಿ ನೋಡಿದರೆ ಅಲ್ಲಿ ಕಾಣುವುದು ನಿಮ್ಮ ತಲೆಯ ನೆರಳಿನ ಲಕ್ಸ್. ಪಕ್ಕಕ್ಕೆ ಕೂತು, ಕತ್ತು ಓರೆ ಮಾಡಿ ಓದಬೇಕು. ಇಲ್ಲವೇ ಸ್ಕ್ರೀನ್ ರೆಕಾರ್ಡ್ ಹಾಕಿ ದೂರ ಸರಿಯಬೇಕು.

ಈ ಕತ್ತು ನೋವಿನಿಂದ ಪಾರಾಗಲಿಕ್ಕೇ ಸಾವಿರದಿಂದ ಎರಡು ಸಾವಿರದೊಳಗಿನ ಲಕ್ಸ್ ಮೀಟರು ಕೊಳ್ಳುವುದು. ಸೆನ್ಸರು ಬೇರೆ, ಮೀಟರು ಬೇರೆ, ನಡುವೆ ಸುರುಳಿ ವೈರು ಇರುವ ಮಾದರಿಯನ್ನೇ ಕೊಳ್ಳಿ. ಸೆನ್ಸರನ್ನು ಎಲೆಯ ಮೇಲಿಟ್ಟು ದೂರದಲ್ಲಿ ನಿಂತು ಓದಬಹುದು. ಸೆನ್ಸರಿನ ಮೇಲೆ ಹಾಲುಬಿಳುಪಿನ ಗುಬುಟಿರಲಿ, ಓರೆಯಾಗಿ ಬರುವ ಬೆಳಕನ್ನು ಅದು ನ್ಯಾಯವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಕೊಂಡ ರಾತ್ರಿಯೇ ಪರೀಕ್ಷೆ ಮಾಡಿ. ಕ್ಯಾಪು ಹಾಕಿದಾಗ ಸೊನ್ನೆ ತೋರಿಸಬೇಕು. ಕತ್ತಲೆ ಕೋಣೆಯಲ್ಲಿ ಐದಾರು ಅಡಿ ದೂರದಲ್ಲಿ ಟಾರ್ಚ್ ಹೊತ್ತಿಸಿಟ್ಟು, ಸೆನ್ಸರನ್ನು ಅದಕ್ಕೆ ನೇರ ಹಿಡಿದು ಅಂಕಿ ಬರೆದುಕೊಳ್ಳಿ. ಆಮೇಲೆ ಮಕ್ಕಳ ಕಂಪಾಸ್ ಬಾಕ್ಸಿನ ಸೆಟ್‌ಸ್ಕ್ವೇರಿನಿಂದ 60 ಡಿಗ್ರಿ ವಾಲಿಸಿ. ಅಂಕಿ ಸರಿಸುಮಾರು ಅರ್ಧವಾದರೆ ಗುಬುಟು ಕೆಲಸ ಮಾಡುತ್ತಿದೆ. ಬೆಳಿಗ್ಗೆ ಸೆಟ್‌ಸ್ಕ್ವೇರನ್ನು ಮರೆಯದೆ ಬಾಕ್ಸಿಗೆ ಹಾಕಿ, ಅದು ಬೇರೆಯೇ ಯುದ್ಧ.

ಈ ಮೀಟರುಗಳಲ್ಲಿ ಜನ ಎಡವಿಬೀಳುವ ಜಾಗ ಅಂದರೆ ರೇಂಜು, ಅಂದರೆ ಎಷ್ಟರವರೆಗೆ ಅಳೆಯಬೇಕು ಎಂಬ ಆಯ್ಕೆ. ಹಲವು ಮೀಟರುಗಳ ಪರದೆ 1999ಕ್ಕಿಂತ ಮುಂದೆ ಎಣಿಸಲಾರದು. ಹಾಗಾಗಿ ಮೇಲಿನ ರೇಂಜಿಗೆ ಹಾಕಿದರೆ ಕಂಡ ಅಂಕಿಯನ್ನು ಹತ್ತರಿಂದಲೋ ನೂರರಿಂದಲೋ ನೀವೇ ಗುಣಿಸಬೇಕು. ರೇಂಜಿನ ಗುಂಡಿಯ ಪಕ್ಕದಲ್ಲಿ ಚಿಕ್ಕದಾಗಿ ಬರೆದಿರುತ್ತದೆ, ಓದಲು ಮುನ್ನೂರು ಲಕ್ಸ್ ಬೇಕು. ಕಿಟಕಿಯಲ್ಲಿ 850 ಎಂದು ಕಂಡಿದ್ದನ್ನು ಹಾಗೆಯೇ ನಂಬಿ, "ಅಯ್ಯೋ ಇಷ್ಟೇನಾ" ಎಂದು ಮನಿ ಪ್ಲಾಂಟನ್ನು ಏಕಾಏಕಿ ಬಾಲ್ಕನಿಯ ಸುಡುಬಿಸಿಲಿಗೆ ಇಟ್ಟವರ ಮನೆಯಲ್ಲಿ ಮೂರನೇ ದಿನ ಎಲೆಗಳು ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿರುತ್ತವೆ. ಅಲ್ಲಿದ್ದದ್ದು 8,500. ಹಾಗೆ ಜಾಗ ಬದಲಿಸಲೇಬೇಕಿದ್ದರೂ ಒಂದು ವಾರ ಹತ್ತು ದಿನ ತಗೊಂಡು ಮೆಲ್ಲಗೆ ಸರಿಸಬೇಕು. ಪರದೆಯ ಎಡತುದಿಯಲ್ಲಿ ಬರೀ 1 ಎಂದು ಬಂದರೆ ಒಂದೇ ಲಕ್ಸ್ ಇದೆ ಎಂದು ಗಾಬರಿಯಾಗಬೇಡಿ; ಬೆಳಕು ಜಾಸ್ತಿಯಾಯಿತು, ಮೇಲಿನ ರೇಂಜಿಗೆ ಹೋಗು ಎಂದು ಅದರ ಅರ್ಥ. ಗರಿಷ್ಠ 50,000 ಇರುವ ಮೀಟರು ತಾರಸಿಯ ಬಿಸಿಲಿಗೆ ಸಾಲದು, ಮನೆಯೊಳಗಿಗೆ ಧಾರಾಳ. ಎರಡು ಲಕ್ಷದವರೆಗಿನದಕ್ಕೆ ಕೆಲವೇ ನೂರು ಹೆಚ್ಚಾದರೆ ಅದನ್ನೇ ತಗೊಳ್ಳಿ.

ಸೋಲ್ಡರಿಂಗ್ ಕಬ್ಬಿಣ ಹಿಡಿದು ಕೈ ಸುಟ್ಟುಕೊಳ್ಳುವ ಅಭ್ಯಾಸವಿದ್ದವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ಅಲ್ಲಿ ಬಿಎಚ್1750 ಎಂಬ ಉಗುರಿನಷ್ಟು ಸೆನ್ಸರು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದರೆ 54,000 ಲಕ್ಸ್ ದಾಟುವವರೆಗೂ ಅಳೆಯುತ್ತದೆ, ಅದೂ ಇಡೀ ದಿನ, ನಿಮಿಷ ನಿಮಿಷಕ್ಕೆ. ವಿಷಯ ಇಷ್ಟೇ: ಅದು ಸಿದ್ಧವಾಗುವ ಹೊತ್ತಿಗೆ ಗಿಡ ಬದುಕಿರಬೇಕು.

ದಿನವಿಡೀ ಅಳೆಯುವ ಮಾತು ಯಾಕೆ ಬಂತೆಂದರೆ, ಗಿಡ ಬೆಳಕನ್ನು ದಿನಗೂಲಿಯ ಲೆಕ್ಕದಲ್ಲಿ ತಗೊಳ್ಳುತ್ತದೆ. ಭಾನುವಾರ ಮಧ್ಯಾಹ್ನ ಊಟದ ಮುಂಚೆ ಒಮ್ಮೆ ನೋಡಿದರೆ ಸಾಲದು. ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಹೀಗೆ ಮೂರು ಸಲ. ಎಲೆಯ ಮಟ್ಟದಲ್ಲಿ, ಸೆನ್ಸರಿನ ಮುಖ ಮೇಲಕ್ಕೆ. 1,500, 4,000, 2,000 ಬಂತೆನ್ನಿ, ಸರಾಸರಿ 2,500. ಅದನ್ನು 54ರಿಂದ ಭಾಗಿಸಿದರೆ 46 ಮೈಕ್ರೋಮೋಲ್. 12 ಗಂಟೆ, ಗಂಟೆಗೆ 3,600 ಸೆಕೆಂಡು ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ (ಹತ್ತು ಲಕ್ಷ ಮೈಕ್ರೋಮೋಲಿಗೆ ಒಂದು ಮೋಲ್) ದಿನಕ್ಕೆ 2 ಮೋಲ್. ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು ಇದರಲ್ಲಿ ಸಂಸಾರ ಸಾಗಿಸುತ್ತವೆ. ಕೊತ್ತಂಬರಿಗೆ ಹನ್ನೆರಡು ಮೋಲಾದರೂ ಬೇಕು. ಎರಡರಲ್ಲಿ ಅದು ನೂಲಿನಂತೆ ಎದ್ದು, ಕಿಟಕಿಯ ಕಡೆ ವಾಲಿ, ಒಂದು ಬೆಳಿಗ್ಗೆ ಅಡ್ಡಬೀಳುತ್ತದೆ. ಬೀಜದಂಗಡಿಯವನಿಗೆ ಬೈಗುಳ.

ಹಾಗಾದರೆ ಟ್ಯೂಬ್‌ಲೈಟ್ ಹಾಕೋಣ ಎಂದರೆ ಲೆಕ್ಕ ಮಾಡಿ. 12 ಮೋಲನ್ನು 14 ಗಂಟೆಯಲ್ಲಿ ಕೊಡಬೇಕಾದರೆ 238 ಮೈಕ್ರೋಮೋಲ್, ಎಲ್‌ಇಡಿಯ ಲೆಕ್ಕದಲ್ಲಿ ಸುಮಾರು 16,000 ಲಕ್ಸ್. ಒಂದಡಿ ಕೆಳಗೆ 20 ವಾಟಿನ ಒಂದು ಟ್ಯೂಬ್ ಕೊಡುವುದು ಎರಡರಿಂದ ಮೂರು ಸಾವಿರ. ಆರು ಟ್ಯೂಬನ್ನು ಒತ್ತೊತ್ತಾಗಿ ಕಟ್ಟಿದರೂ ತಿಂಗಳಿಗೆ 50 ಯೂನಿಟ್ ಕರೆಂಟು. ಮಾರ್ಕೆಟ್ಟಿನಲ್ಲಿ ಒಂದು ಕಟ್ಟಿಗೆ ಹತ್ತು ರೂಪಾಯಿ ಜಾಸ್ತಿ ಅಂತ ಜಗಳವಾಡಿದವರೇ ಇದನ್ನು ಸಂತೋಷದಿಂದ ಮಾಡುತ್ತಾರೆ. ಲೈಟು ಹತ್ತಿರ ತಂದರೆ ಟ್ಯೂಬು ಕಮ್ಮಿ ಸಾಕು: ಬಲ್ಬಾದರೆ ಅರ್ಧ ದೂರಕ್ಕೆ ನಾಲ್ಕು ಪಟ್ಟು, ಟ್ಯೂಬಾದರೆ ಎರಡೇ ಪಟ್ಟಿನಷ್ಟು.

ಕಿಟಕಿಯ ವಿಷಯದಲ್ಲಿ ಪರದೇಶದ ಸಲಹೆ ನಮ್ಮಲ್ಲಿ ನಡೆಯುವುದಿಲ್ಲ. "ದಕ್ಷಿಣದ ಕಿಟಕಿಯೇ ಶ್ರೇಷ್ಠ" ಎನ್ನುವುದು ಲಂಡನ್ನಿಗೆ ನಿಜ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 24ರ ಸುಮಾರಿಗೆ ನೆತ್ತಿಯ ಮೇಲೆ ಬಂದು ಶೂನ್ಯ ನೆರಳಿನ ದಿನ ಆಚರಿಸಿಕೊಳ್ಳುವ ಸೂರ್ಯ ಆಗಸ್ಟ್ 18ರ ಸುಮಾರಿನವರೆಗೂ ಮಧ್ಯಾಹ್ನ ನಮಗೆ ಉತ್ತರದಲ್ಲೇ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನಡುಹಗಲಿನ ನೇರ ಬಿಸಿಲಿಲ್ಲ. ಡಿಸೆಂಬರಿನಲ್ಲಿ ಅದೇ ಕಿಟಕಿಯಿಂದ ಬಿಸಿಲು ಮಂಚದ ತನಕ ಬರುತ್ತದೆ. ಉತ್ತರದ ಕಿಟಕಿಗೆ ಪಾಲು ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ, ಅಂದರೆ ಮೋಡಕ್ಕೆ ಕಮಿಷನ್ ಕೊಟ್ಟು ಉಳಿದದ್ದು. ಹೀಗಾಗಿ ಜನವರಿಯಲ್ಲಿ ಒಮ್ಮೆ ಅಳೆದು ವರ್ಷವಿಡೀ ನಂಬಬಾರದು. ಅಳೆಯುವಾಗ ಸೊಳ್ಳೆ ಬಲೆ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ. ದೂಳು ಹಿಡಿದ ಬಲೆ ಸೊಳ್ಳೆಗಿಂತ ಚೆನ್ನಾಗಿ ಬೆಳಕನ್ನು ತಡೆಯುತ್ತದೆ.

ಮೀಟರು ಬಂದ ವಾರ ಮನೆಯವರೆಲ್ಲ ದೇವರ ಕೋಣೆ, ಕಪಾಟು, ಫ್ರಿಜ್ಜಿನ ಒಳಗು ಎಲ್ಲವನ್ನೂ ಅಳೆಯುತ್ತಾರೆ. ಕ್ಯಾಪು ಕಳೆದುಹೋಗುವುದು ಆಗಲೇ. ಆಮೇಲೆ ಅದು ಕಪಾಟು ಸೇರುತ್ತದೆ. ಸೇರುವ ಮುಂಚೆ 9 ವೋಲ್ಟಿನ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ಕನೆಕ್ಷನ್ ಹಸಿರುಗಟ್ಟುತ್ತದೆ. ಬ್ಯಾಟರಿ ಇಳಿದ ಚಿಹ್ನೆ ಮೂಡಿದ ಮೇಲೆ ಬರುವ ಅಂಕಿಯನ್ನೂ ನಂಬಬೇಡಿ. ಇನ್ನು ಇಷ್ಟೆಲ್ಲ ಅಳೆದು, ಭಾಗಿಸಿ, ಗುಣಿಸಿ ಮನೆಯಲ್ಲಿ ಅತಿ ಹೆಚ್ಚು ಬೆಳಕು ಬೀಳುವ ಜಾಗ ಯಾವುದೆಂದು ಹುಡುಕಿದರೆ, ಅಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು ಹತ್ತು ವರ್ಷದಿಂದ ನಿಂತಿರುತ್ತದೆ. ಅದನ್ನು ಸರಿಸುವ ಮಾತು ಎತ್ತುವ ಮೊದಲು ಸ್ಟ್ಯಾಂಡಿನ ಕೆಳಗೂ ಒಮ್ಮೆ ಸೆನ್ಸರ್ ಇಟ್ಟು ನೋಡಿ. ತೆಳ್ಳನೆಯ ಬಿಳಿ ಪಂಚೆ ಒಣಗುವ ದಿನ ಅಲ್ಲಿ ಸ್ನೇಕ್ ಪ್ಲಾಂಟಿಗೆ ಸಾಕಾಗುವಷ್ಟು ಬೆಳಕಿರುತ್ತದೆ, ಜೀನ್ಸ್ ಒಣಗುವ ದಿನ ಇರುವುದಿಲ್ಲ.