ಪ್ಲಗ್ ಕೀಳಿ, ಪ್ಲಗ್!

ನಮ್ಮ ಹೆಡ್‌ಮಾಸ್ಟರ ಫೋನ್ ಮೂರು ದಿನದಿಂದ ರಿಂಗ್ ಆಗುತ್ತಿರಲಿಲ್ಲ. ನಾನು ಪಕ್ಕದ ಗುಂಡಿಯನ್ನು ಎರಡು ಸಲ ಒತ್ತಿದೆ, ರಿಂಗಾಯಿತು. ಅವತ್ತಿನಿಂದ ನಾನು ‘ಕಂಪ್ಯೂಟರ್ ಸರ್’. ಅಸಲಿಗೆ ನಾನು ಪಿಸಿಎಂ ಮೇಷ್ಟ್ರು, ಗಣಿತ ವಿಜ್ಞಾನ ಹೇಳಿಕೊಡುವವನು. ಆದರೆ ಬಿಸಿಯೂಟದ ಅಕ್ಕನ ಮಿಕ್ಸಿ ನಿಂತರೂ ಈಗ ನನಗೇ ಕರೆ.

ಈ ಕೀರ್ತಿ ತಾಲ್ಲೂಕು ಮಟ್ಟಕ್ಕೂ ಮುಟ್ಟಿ, ಒಂದು ದಿನ ಆದೇಶ ಬಂತು. ಪಾಠದಲ್ಲಿ ತಂತ್ರಜ್ಞಾನ ಬಳಸುವುದು ಹೇಗೆ ಅಂತ ನಲವತ್ತು ಶಿಕ್ಷಕರಿಗೆ ತರಬೇತಿ ಕೊಡಬೇಕು. ನನಗೆ ಸಿಕ್ಕ ಬಿರುದು ಸಂಪನ್ಮೂಲ ವ್ಯಕ್ತಿ. ಸಂಪನ್ಮೂಲ ಅಂತ ನನ್ನ ಬಳಿ ಇದ್ದದ್ದು ಒಂದು ಪೆನ್‌ಡ್ರೈವ್.

ಎರಡು ರಾತ್ರಿ ಕೂತು 64 ಸ್ಲೈಡ್ ಮಾಡಿದೆ. ಬೆಳಿಗ್ಗೆ ತರಬೇತಿ ಕೇಂದ್ರದ ಲ್ಯಾಪ್‌ಟಾಪಿಗೆ ಹಾಕಿದರೆ ಒಂದಕ್ಷರ ಕನ್ನಡ ಇಲ್ಲ! ತಲೆ ಮೇಲೆ ಚುಕ್ಕೆ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು. ಮುಂದಿನ ಬೆಂಚಿನ ಮೇಡಂ ಮೆಲ್ಲಗೆ ಕೇಳಿದರು, “ಸರ್, ಇದು ಫ್ರೆಂಚಾ?”

ಆಗಿದ್ದು ಇಷ್ಟೇ. ಮನೆಯಲ್ಲಿ ಹಳೇ ಅಭ್ಯಾಸದಂತೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ವೇಷ ಕಳಚುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ‘ಕ’ಗೆ ತನ್ನದೇ ಸಂಖ್ಯೆ ಇದೆ. ನನ್ನ ಮೂರನೇ ಸ್ಲೈಡಿನಲ್ಲೇ ಬರೆದಿದ್ದೆ: ‘ಯಾವಾಗಲೂ ಯೂನಿಕೋಡ್ ಬಳಸಿ’. ಪುಣ್ಯಕ್ಕೆ ಅದನ್ನೂ ಯಾರಿಗೂ ಓದಲಾಗಲಿಲ್ಲ.

ಸರಿ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಶಾಲಾ ಪಾಠಗಳಿರುವ ಸರ್ಕಾರಿ ಆ್ಯಪ್ ದೀಕ್ಷಾ ತೋರಿಸೋಣ ಅಂದುಕೊಂಡೆ. ತರಬೇತಿ ಹಾಲ್ ಒಳಗೆ ನೆಟ್‌ವರ್ಕ್ ಇಲ್ಲ. ನಲವತ್ತು ಜನವೂ ಎದ್ದು ಹೊರಗಿನ ಬೇವಿನ ಮರದ ಕೆಳಗೆ ಹೋದೆವು. ಅಲ್ಲಿ ನೆಟ್‌ವರ್ಕ್ ಇತ್ತು. ಆದರೆ ನನ್ನ ಪುಸ್ತಕದ ಕೋಡಿನ ಮೇಲೆ ಕಾಫಿ ಕಲೆ. ನನ್ನ ಫೋನ್ ಎಷ್ಟು ಹಿಂದೆ ಮುಂದೆ ಮಾಡಿದರೂ ಹಿಡಿಯಲಿಲ್ಲ. ಅದೇ ಫ್ರೆಂಚ್ ಮೇಡಂ ಕನ್ನಡಕ ಏರಿಸಿ, “ಕೆಳಗೆ ಆರಕ್ಷರದ ಕೋಡ್ ಇದೆಯಲ್ಲ ಸರ್, ಅದನ್ನೇ ಹೊಡೀರಿ” ಅಂದರು. ಪಾಠ ತೆರೆಯಿತು. ಅವರು ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಮರುದಿನ ನೆಟ್ ಇಲ್ಲದೇ ತರಗತಿಯಲ್ಲಿ ತೋರಿಸುತ್ತಾರಂತೆ. ಸಂಪನ್ಮೂಲ ವ್ಯಕ್ತಿ ಯಾರು ಅಂತ ನನಗೇ ಅನುಮಾನ ಬಂತು.

ಮಧ್ಯಾಹ್ನ ಊಟ ಆಯಿತು. ಪ್ರೊಜೆಕ್ಟರಿಗೆ ಕತ್ತಲೆ ಬೇಕು ಅಂತ ಕಿಟಕಿಗೆ ಜಮಖಾನೆ ಕಟ್ಟಿದೆವು. ಚಿತ್ರಾನ್ನ, ಕತ್ತಲೆ, ಫ್ಯಾನಿನ ಸದ್ದು. ಅರ್ಧ ಹಾಲ್ ನಿದ್ದೆಗೆ ಜಾರಿತು.

ಆಗ ಪೆನ್‌ಡ್ರೈವಿನಲ್ಲಿದ್ದ ಫೆಟ್ ತೆಗೆದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಪ್ರಯೋಗಗಳ ಖಜಾನೆ ಇದು. ನೊಬೆಲ್ ಪಡೆದ ಕಾರ್ಲ್ ವೈಮನ್ ಆರಂಭಿಸಿದ್ದು, ಬಿಟ್ಟಿ ಸಿಗುತ್ತದೆ. ಪರದೆಯ ಮೇಲೇ ಬ್ಯಾಟರಿ, ವೈರು, ಬಲ್ಬು ಜೋಡಿಸಬಹುದು. 9 ವೋಲ್ಟಿನ ಬ್ಯಾಟರಿಗೆ 10 ಓಮ್ ಬಲ್ಬು ಹಾಕಿದೆ. 0.9 ಆಂಪಿಯರ್ ಹರಿಯಿತು, ಬಲ್ಬು ಬೆಳಗಿತು. ಯಾರೂ ಕಣ್ಣು ಬಿಡಲಿಲ್ಲ.

ನಿವೃತ್ತಿಗೆ ಎಂಟು ತಿಂಗಳಿದ್ದ ಒಬ್ಬ ಹಿರಿಯ ಮೇಷ್ಟ್ರು ಮಾತ್ರ ಎಚ್ಚರವಾಗಿದ್ದರು. “ಬನ್ನಿ ಸರ್, ನೀವೇ ಮಾಡಿ” ಅಂದೆ. ಅವರು ಮೌಸನ್ನು ಸೀಮೆಸುಣ್ಣದ ಹಾಗೆ ಹಿಡಿದು, ಬಲ್ಬು ತೆಗೆದು, ಬ್ಯಾಟರಿಯ ಎರಡೂ ತುದಿಗೆ ಬರೀ ವೈರು ಜೋಡಿಸಿಬಿಟ್ಟರು. ತಡೆಯುವವರೇ ಇಲ್ಲದ ಮೇಲೆ ಕರೆಂಟ್ ಬಿಡುತ್ತದೆಯೇ? ಬ್ಯಾಟರಿಗೆ ಬೆಂಕಿ ಬಿತ್ತು. ಫೆಟ್‌ನಲ್ಲಿ ಹೀಗಾದರೆ ಜ್ವಾಲೆ ತೋರಿಸುತ್ತದೆ. ಗೋಡೆಯಷ್ಟಗಲದ ಪರದೆ ಮೇಲೆ ಅದು ಸಣ್ಣದಾಗಿ ಕಾಣುವುದಿಲ್ಲ.

ಅದೇ ಹೊತ್ತಿಗೆ ಟೀ ತಂದ ಅಟೆಂಡರ್ ಬಾಗಿಲಲ್ಲಿ ನಿಂತವರೇ, “ಅಯ್ಯೋ ಬೆಂಕಿ! ಪ್ಲಗ್ ಕೀಳಿ, ಪ್ಲಗ್!” ಅಂತ ಕೂಗಿದರು. ತಟ್ಟೆ ನನ್ನ ಕೈಗೆ ತುರುಕಿ ತಾವೇ ಓಡಿ ಕಿತ್ತರು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಎಲ್ಲ ಕಪ್ಪಾಯಿತು. “ಆರಿತು” ಅಂತ ನಿಟ್ಟುಸಿರು ಬಿಟ್ಟರು.

ಲ್ಯಾಪ್‌ಟಾಪ್ ಮತ್ತೆ ಏಳಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಇಡೀ ದಿನದಲ್ಲಿ ನಿಜವಾದ ತರಬೇತಿ ನಡೆದದ್ದು ಆಗಲೇ. ಬೆಂಕಿ ಯಾಕೆ ಬಂತು, ಮನೆಯಲ್ಲಿ ಫ್ಯೂಸ್ ಯಾಕೆ ಹೋಗುತ್ತೆ ಅಂತ ಜಗಳವೇ ಹತ್ತಿಕೊಂಡಿತು. ಹಿರಿಯ ಮೇಷ್ಟ್ರು ಕಪ್ಪುಹಲಗೆ ಹಿಡಿದರು. ನಾನು ಟೀ ಹಂಚಿದೆ.

ಎರಡು ವಾರ ಬಿಟ್ಟು ಆ ಹಿರಿಯ ಮೇಷ್ಟ್ರ ಫೋನ್ ಬಂತು. ಅದೇ ಬೆಂಕಿಯನ್ನು ಹತ್ತನೇ ಕ್ಲಾಸಿನಲ್ಲಿ ಹಚ್ಚಿದರಂತೆ. ಆದರೆ ಮೊದಲು, “ಬಲ್ಬು ತೆಗೆದರೆ ಏನಾಗುತ್ತೆ? ಬರೆದಿಡಿ” ಅಂದು ಎಲ್ಲರಿಂದ ಬರೆಸಿ, ಆಮೇಲೆ ಜೋಡಿಸಿದರಂತೆ. ಬೆಲ್ ಹೊಡೆದರೂ ಹುಡುಗರು ಏಳಲಿಲ್ಲವಂತೆ. ಈ ‘ಬರೆದಿಡಿ’ ನನ್ನ 64 ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ತರಬೇತಿಗೆ ಅದೇ ಕೇಂದ್ರಕ್ಕೆ ಹೋದೆ. ಈ ಸಲ ಸ್ಲೈಡೆಲ್ಲ ಯೂನಿಕೋಡ್. ಟೇಬಲ್ ಮೇಲೆ ಲ್ಯಾಪ್‌ಟಾಪ್ ಇತ್ತು. ಪಕ್ಕದಲ್ಲೇ ಒಂದು ಬಕೆಟ್ ಮರಳು. ಅಟೆಂಡರ್ ಸ್ವಿಚ್‌ಬೋರ್ಡಿಗೆ ಒರಗಿ ನಿಂತು, “ನೀವು ಶುರು ಮಾಡಿ ಸರ್, ನಾನಿದ್ದೀನಿ” ಅಂದರು.