ತೊಡೆಮೂಳೆಯನ್ನು ಎರಡು ಸಲ ಕಲಿತೆ

ಕರ್ನಾಟಕದಲ್ಲಿ ಅಂಗರಚನಾಶಾಸ್ತ್ರ ಓದುವಾಗ ತೊಡೆಮೂಳೆಯನ್ನು ಎಷ್ಟು ಸಲ ಕೈಗೆತ್ತಿಕೊಂಡಿದ್ದೇನೋ ಲೆಕ್ಕವಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೊದಲು ಅದು ದೇಹದಲ್ಲಿರುವ ಭಂಗಿಯಲ್ಲೇ ಹಿಡಿಯಬೇಕು, ಎಡದ್ದೋ ಬಲದ್ದೋ ಹೇಳಬೇಕು, ಆಮೇಲೆ ಹಿಂಬದಿಯ ಉಬ್ಬುಗೆರೆಗೆ ಅಂಟುವ ಸ್ನಾಯುಗಳನ್ನು ಸಾಲಾಗಿ ಒಪ್ಪಿಸಬೇಕು. ನಾನು ಚೆನ್ನಾಗಿಯೇ ಒಪ್ಪಿಸುತ್ತಿದ್ದೆ.

ಈಗ ನಾನಿರುವ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಜೀವಕೋಶ ವಿಜ್ಞಾನ ಮತ್ತು ಅಂಗರಚನೆ ಎರಡನ್ನೂ ಕೂಡಿಸಿಯೇ ಕಲಿಸುತ್ತಾರೆ. ಬಂದ ಹೊಸತರಲ್ಲಿ ಅಧ್ಯಾಪಕಿಯೊಬ್ಬರು ಉದ್ದಕ್ಕೆ ಸೀಳಿದ ತೊಡೆಮೂಳೆಯ ಮೇಲ್ತುದಿಯನ್ನು ಮೇಜಿನ ಮೇಲಿಟ್ಟು, ಒಳಗಿನ ಜಾಲರಿಯ ಎಳೆಗಳು ಹೀಗೇ ಬಾಗಿರುವುದೇಕೆ ಎಂದು ಕೇಳಿದರು. ಸ್ನಾಯುಗಳ ಹೆಸರೆಲ್ಲ ಗೊತ್ತಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರವಿದ್ದದ್ದು ಜೀವಕೋಶಗಳಲ್ಲಿ. ಮೂಳೆಯ ಗಟ್ಟಿ ಪದರಗಳ ನಡುವೆ ಹುದುಗಿರುವ ಆಸ್ಟಿಯೊಸೈಟ್‌ಗಳು ಕೂದಲಿಗಿಂತ ಸಣ್ಣ ಕಾಲುವೆಗಳ ಮೂಲಕ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಡೆಯುವಾಗ ಮೈಭಾರ ಬಿದ್ದು ಕಾಲುವೆಯೊಳಗಿನ ದ್ರವ ಅಲುಗಿದರೆ ಅವಕ್ಕೆ ಸುಳಿವು ಸಿಗುತ್ತದೆ. ಹೊರೆ ಹೆಚ್ಚಿರುವೆಡೆ ಆಸ್ಟಿಯೊಬ್ಲಾಸ್ಟ್‌ಗಳು ಮೂಳೆ ಕಟ್ಟುತ್ತವೆ. ಹೊರೆಯಿಲ್ಲದೆಡೆ ಆಸ್ಟಿಯೊಕ್ಲಾಸ್ಟ್‌ಗಳು ಕರಗಿಸುತ್ತವೆ. ಮೂಳೆಯ ರಚನೆ ಹೊರೆಯನ್ನು ಅನುಸರಿಸುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ತೇಲುವವರ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ 1ರಷ್ಟು ಸವೆಯುವುದೂ ಹೊರೆ ಇಲ್ಲವಾಗುವುದರಿಂದಲೇ. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ಮೂಳೆ ಒಂದು ಕಾಲದಲ್ಲಿ ಯಾರದೋ ನಡಿಗೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತಿತ್ತು ಎಂದು ಅರಿತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಓದಿದಾಗ ಜೀವಕೋಶ ಒಂದು ವಿಭಾಗದ್ದು, ಮೂಳೆ ಇನ್ನೊಂದು ವಿಭಾಗದ್ದು. ಎರಡೂ ಪುಸ್ತಕಗಳು ಒಂದೇ ಮೇಜಿನ ಮೇಲಿದ್ದವು; ಅವುಗಳ ನಡುವೆ ಮಾತುಕತೆ ಇರಲಿಲ್ಲ. 2019ರಲ್ಲಿ ಭಾರತದ ಎಂಬಿಬಿಎಸ್‌ಗೆ ಬಂದ ಹೊಸ ಪಠ್ಯಕ್ರಮ ವಿಷಯಗಳನ್ನು ಬೆಸೆದು ಕಲಿಸಬೇಕೆನ್ನುತ್ತದೆ. ಅದು ಪ್ರತಿ ತರಗತಿಗೂ ಇಳಿಯಲಿ ಎಂಬುದು ನನ್ನ ಮನಸಾರೆಯ ಆಸೆ.

ಹಾಗೆಂದು ಇಲ್ಲಿಯದೆಲ್ಲ ಮೇಲು ಎನ್ನಲಾರೆ. ಇಲ್ಲಿ ನಮ್ಮ ತರಗತಿಯ ಅಂಗಾಂಶದ ಸ್ಲೈಡುಗಳೆಲ್ಲ ಪರದೆಯ ಮೇಲೆ; ಬೆರಳಾಡಿಸಿದರೆ ದೊಡ್ಡದಾಗುತ್ತವೆ. ಅಲ್ಲಿ ನಾವು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಸ್ಲೈಡಿಗೆ ಹಾಕಿದ ಬಣ್ಣಗಳಲ್ಲಿ ಹಿಮಟಾಕ್ಸಿಲಿನ್‌ಗೆ ನೇರಳೆ ಪೆನ್ಸಿಲ್, ಇಯೋಸಿನ್‌ಗೆ ಗುಲಾಬಿ ಪೆನ್ಸಿಲ್ ಹಿಡಿದು ರೆಕಾರ್ಡ್ ಪುಸ್ತಕದ ತುಂಬ ಬಿಡಿಸುತ್ತಿದ್ದೆವು. ಅಂದವಿಲ್ಲದ ಚಿತ್ರವನ್ನು ಅಧ್ಯಾಪಕರು ಮರಳಿಸಿದಾಗ ಅಳು ಬಂದದ್ದೂ ಉಂಟು. ಆದರೆ ಮೂತ್ರನಾಳ (ಯುರೇಟರ್) ಮತ್ತು ವೀರ್ಯನಾಳದ ಅಡ್ಡಕೊಯ್ತಗಳನ್ನು ಒಮ್ಮೆ ಕೈಯಾರೆ ಬಿಡಿಸಿದವರು ಆಮೇಲೆ ಗೊಂದಲಪಡುವುದು ಕಡಿಮೆ. ಒಂದರ ನಡುವಿನ ನಕ್ಷತ್ರದಂಥ ಕಂಡಿಯನ್ನೂ ಇನ್ನೊಂದರ ದಪ್ಪ ಸ್ನಾಯುಗೋಡೆಯನ್ನೂ ಬೆರಳುಗಳೇ ನೆನಪಿಟ್ಟಿರುತ್ತವೆ. ಇಲ್ಲಿನ ಚುರುಕು ವಿದ್ಯಾರ್ಥಿಗಳು ಇವೆರಡರ ಮುಂದೆ ತಡವರಿಸುವುದನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲ ವರ್ಷದವರು ಹತ್ತು ಸ್ಲೈಡುಗಳನ್ನಾದರೂ ಕೈಯಿಂದ ಬಿಡಿಸಲಿ ಎಂದು ಕಳೆದ ಚಳಿಗಾಲದಲ್ಲಿ ವಿಭಾಗಕ್ಕೆ ಬರೆದು ಕೊಟ್ಟೆ. ನಾಲ್ಕಕ್ಕೆ ಒಪ್ಪಿಗೆ ಸಿಕ್ಕಿದೆ. ಪೆನ್ಸಿಲುಗಳನ್ನು ನಾನೇ ತಂದಿಟ್ಟಿದ್ದೇನೆ.