ರೇಡಿಯೇಷನ್ ಕೆಲಸದವರ ಪಕ್ಕ ಕೂತರೆ ನಮಗೂ ಅಂಟುತ್ತದಾ?

ರೇಡಿಯೇಷನ್ ಇರುವ ಕಡೆ ಕೆಲಸ ಮಾಡುವವರಿಂದ ದೂರ ಇರಿ, ನಿಮಗೂ ತಗುಲುತ್ತದೆ ಅನ್ನುವ ಮೆಸೇಜ್ ಆಗಾಗ ಬರುತ್ತದೆ. ಕಾಳಜಿಯಿಂದಲೇ ಕಳಿಸುತ್ತಾರೆ, ಆದರೆ ಇದು ತಪ್ಪು. ಎಕ್ಸ್‌ರೇ, ಗಾಮಾ ಕಿರಣ ಹಾದುಹೋದ ಮೈ ತಾನೇ ವಿಕಿರಣ ಸೂಸುವುದಿಲ್ಲ. ಅಂಟುವುದು ವಿಕಿರಣಶೀಲ ಧೂಳು, ದ್ರವ. ಅದಕ್ಕೇ ಕೆಲಸಗಾರರು ಹೊರಬರುವಾಗ ಅಂಗೈ, ಬಟ್ಟೆ, ಬೂಟಿನ ಅಡಿಗೂ ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡುತ್ತಾರೆ.

ನಿಜವಾದ ಚಿಂತೆ ಆ ಕೆಲಸಗಾರರ ಬಗ್ಗೆಯೇ ಇರಬೇಕು, ಅಲ್ವಾ? ಡೋಸ್, ಅಂದರೆ ಮೈಗೆ ತಗುಲಿದ ವಿಕಿರಣದ ಪ್ರಮಾಣ, ಕೂಡುತ್ತಾ ಹೋದಂತೆ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ಕಾಯಿಲೆ ಕಾಣಿಸಲು ವರ್ಷಗಟ್ಟಲೆ ಹಿಡಿಯಬಹುದು. ಡೋಸ್ ಜಾಸ್ತಿಯಾದರೆ ಕಣ್ಣಿಗೆ ಪೊರೆಯೂ ಬರಬಹುದು. ಎದೆಗೆ ಸಿಕ್ಕಿಸಿದ ಪುಟ್ಟ ಬ್ಯಾಡ್ಜ್ ಈ ಡೋಸಿನ ಲೆಕ್ಕ ಇಡುತ್ತದೆ. ಹಲವು ದೇಶಗಳಲ್ಲಿ ಮಿತಿ, ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ).

ಮೆಸೇಜಿನಲ್ಲಿ ಡೋಸ್ ಎಷ್ಟು, ಎಷ್ಟು ಕಾಲ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ದೇಶದ ವಿಕಿರಣ ಸುರಕ್ಷತಾ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ.